ತಂಬಿಟ್ಟು ಮನೆ ಬದಲಿಸಿದ ವರ್ಷ

ನಮ್ಮ ಊರಿನಲ್ಲಿ ಬೆಕ್ಕುಗಳು ವರ್ಷಕ್ಕೊಮ್ಮೆ ಮನೆ ಬದಲಿಸುತ್ತವೆ. ಚಳಿ ಸರಿದು ಮೊದಲ ಸೆಕೆ ಹುಟ್ಟಿದ ದಿನ ಬೆಳಗ್ಗೆ, ಹಾಲಿನವನು ಬಂದು ಹೋದ ಮೇಲೆ, ಎಲ್ಲ ಬೆಕ್ಕುಗಳೂ ಎದ್ದು ಮೈಮುರಿದು, ವರ್ಷವಿಡೀ ಉಂಡ ಮನೆಯ ಹೊಸ್ತಿಲು ದಾಟಿ ಬೀದಿಗಿಳಿಯುತ್ತವೆ. ಅರ್ಧ ಗಂಟೆಯೊಳಗೆ ಪ್ರತಿಯೊಂದೂ ಮತ್ತೊಂದು ಮನೆ ಹೊಕ್ಕು ಕೂತಿರುತ್ತದೆ. ಅವತ್ತು ಶಾಲೆಗೆ ರಜೆ. ಎಲ್ಲರೂ ಬಾಗಿಲು ತೆರೆದಿಟ್ಟು ಜಗುಲಿಯ ಮೇಲೆ ಕೂರುತ್ತಾರೆ. ಆದರೆ ಹಾಲಿನ ಬಟ್ಟಲು ಇಡುವಂತಿಲ್ಲ, ಮೀನಿನ ತಲೆ ತೋರಿಸುವಂತಿಲ್ಲ, ಹೋದ ಬೆಕ್ಕನ್ನು ಹಳೆಯ ಹೆಸರು ಹಿಡಿದು ಕರೆಯುವಂತಿಲ್ಲ. ಬರೆದಿಟ್ಟ ಕಾನೂನೇನೂ ಅಲ್ಲ. ಹಾಗೆ ಮಾಡಿದವರನ್ನು ಜನ ಸಣ್ಣವರೆಂದು ಎಣಿಸುತ್ತಾರೆ, ಅಷ್ಟೆ. ಊರಿನಲ್ಲಿ ಮನೆಗಳು ಹೆಚ್ಚು, ಬೆಕ್ಕುಗಳು ಕಡಿಮೆ. ಹಾಗಾಗಿ ಕೆಲವರ ಮನೆಗೆ ಬರುತ್ತವೆ, ಕೆಲವರ ಮನೆಗೆ ಬರುವುದಿಲ್ಲ.

ನನ್ನ ಮನೆಗೆ ಇಪ್ಪತ್ತೆರಡು ವರ್ಷ ಒಂದೂ ಬರಲಿಲ್ಲ. ನನ್ನ ತಂಗಿ ನಳಿನಿ ಮದುವೆಯಾಗಿ ಬೇರೆ ಮನೆ ಹೂಡಿ ಹದಿನೈದು ವರ್ಷವಾಯಿತು, ಅಲ್ಲಿಗೆ ಒಂದು ವರ್ಷವೂ ತಪ್ಪಲಿಲ್ಲ. ನಾನು ಅಂಬುಜಾ, ಬಾವಿಕಟ್ಟೆ ಬೀದಿಯಲ್ಲಿ ರವಿಕೆ ಹೊಲಿಯುವವಳು. ಮದುವೆ ಕೂಡಿ ಬರಲಿಲ್ಲ, ನಾನೂ ಅದರ ಹಿಂದೆ ಬೀಳಲಿಲ್ಲ. ನಳಿನಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು, ಎರಡು ಬೀದಿ ಆಚೆ ಸೈಕಲ್ ಅಂಗಡಿ ಇಟ್ಟಿರುವ ರೇವಣ್ಣನ ಹೆಂಡತಿ. ಅಪ್ಪನಿಗೆ ತಾವರೆಯೆಂದರೆ ಪ್ರಾಣ, ಅದಕ್ಕೇ ಇಬ್ಬರಿಗೂ ಅದರದೇ ಹೆಸರು. ಹೆಸರೊಂದು ಬಿಟ್ಟರೆ ನಮ್ಮಿಬ್ಬರಲ್ಲಿ ಹೋಲುವಂಥದ್ದು ಏನೂ ಇಲ್ಲ. ಅವಳು ನಕ್ಕರೆ ಎದುರಿಗಿದ್ದವರೂ ನಗುತ್ತಾರೆ. ನಾನು ನಕ್ಕರೆ, ಯಾಕೆ ನಕ್ಕಳೋ ಎಂದು ಯೋಚನೆಗೆ ಬೀಳುತ್ತಾರೆ. ಅಮ್ಮ ತೀರಿಕೊಂಡಾಗ ಅವಳಿಗೆ ಐದು ವರ್ಷ. ಎಣ್ಣೆ ಹಚ್ಚಿ, ಜಡೆ ಹೆಣೆದು, ಕಾಜಾ ಹೊಲಿಯುವುದನ್ನೂ ಕಲಿಸಿ ದೊಡ್ಡವಳನ್ನಾಗಿ ಮಾಡಿದ್ದು ನಾನು. ಆದರೂ ಅಪ್ಪ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದದ್ದು ನಳಿನಿ ಎಲ್ಲಿ ಎಂದು. ಈಗಲೂ ನನ್ನ ಹತ್ತಿರ ಅಳತೆ ಕೊಡಲು ಬಂದ ಹೆಂಗಸರು, ನಳಿನಿ ಮನೆಗೆ ಹೋಗಿದ್ದೆವು, ಎದ್ದು ಬರಲು ಮನಸ್ಸೇ ಆಗಲಿಲ್ಲ ಎಂದು ಹೇಳುತ್ತಾರೆ. ಹಾಗೆ ಹೇಳಿದವರ ತೋಳಿಗೆ ನಾನು ಟೇಪನ್ನು ಒಂದು ಚೂರು ಬಿಗಿಯಾಗಿಯೇ ಎಳೆದಿದ್ದೇನೆ.

ಹೋದ ವರ್ಷ ಬೆಕ್ಕುಗಳ ದಿನ ನಾನು ಬಾಗಿಲಿಗೆ ಬೆನ್ನು ಹಾಕಿ ಯಾರದೋ ಮದುವೆ ರವಿಕೆಗೆ ಪೈಪಿಂಗ್ ಕೊಡುತ್ತಿದ್ದೆ. ಬಾಗಿಲು ತೆರೆದಿತ್ತು, ಆದರೆ ಕಾಯುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಪೆಡಲಿನ ಮೇಲಿದ್ದ ನನ್ನ ಪಾದಕ್ಕೆ ಏನೋ ಬೆಚ್ಚಗೆ ತಾಗಿತು. ಬಗ್ಗಿ ನೋಡಿದರೆ ಒಂದು ಗಂಡು ಬೆಕ್ಕು, ಹುರಿಗಡಲೆ ತಂಬಿಟ್ಟಿನ ಬಣ್ಣದ್ದು, ನನ್ನ ಮುಖವನ್ನೇ ನೋಡುತ್ತಿತ್ತು. ಹೊಲಿಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡು ಅತ್ತೆ. ಅದಕ್ಕೆ ತಂಬಿಟ್ಟು ಎಂದೇ ಹೆಸರಿಟ್ಟೆ. ಆ ವರ್ಷ ಅದು ಮೆಷಿನ್ನಿನ ಕೆಳಗೆ ಚಿಂದಿಯ ರಾಶಿಯಲ್ಲಿ ಮಲಗುತ್ತಿತ್ತು. ದಿನಾ ಅದರ ಮೈ ಬಾಚುತ್ತಿದ್ದೆ. ಯಾವ ಕಡೆ ಕೂದಲು ಸುರುಳಿ, ಎಲ್ಲಿ ಚಿಕ್ಕ ಗಂಟು, ಎಲ್ಲವೂ ನನ್ನ ಬೆರಳಿಗೆ ಗೊತ್ತಿತ್ತು. ಅಳತೆಗೆ ಬಂದವರು ಬೆಕ್ಕಿನ ನೆಪದಲ್ಲಿ ಹತ್ತು ನಿಮಿಷ ಹೆಚ್ಚಿಗೆ ಕೂರತೊಡಗಿದರು.

ಈ ವರ್ಷ ಆ ದಿನ ಬಂದಾಗ ನಾಚಿಕೆಗೇಡಿನ ಕೆಲಸ ಮಾಡಿದೆ. ಹಿತ್ತಲ ಬಾಗಿಲಿಗೆ ಅಗುಳಿ ಹಾಕಿದೆ, ಕಿಟಕಿಗಳಿಗೆ ಬಟ್ಟೆ ತುರುಕಿದೆ, ಮುಂಬಾಗಿಲನ್ನೂ ಮುಚ್ಚಿದೆ. ತಂಬಿಟ್ಟು ಎದ್ದು ಮೈಮುರಿದು, ಬೀರುವಿನ ಮೇಲೆ ಹಾರಿ, ಗವಾಕ್ಷಿಯಿಂದ ಹೊರಗಿಳಿಯಿತು. ಬರಿಗಾಲಿನಲ್ಲೇ ಹಿಂದೆ ಹೋದೆ. ಅದು ಒಮ್ಮೆಯೂ ತಿರುಗಿ ನೋಡದೆ ಎರಡು ಬೀದಿ ದಾಟಿ ನಳಿನಿಯ ಜಗುಲಿ ಹತ್ತಿತು. ಅವಳ ಮಗಳು, ಏಳು ವರ್ಷದ ಕುಮುದ, ಚಪ್ಪಾಳೆ ತಟ್ಟಿದಳು. ನಳಿನಿ ತಲೆಯೆತ್ತಿ ಬೀದಿಯಲ್ಲಿ ನಿಂತ ನನ್ನನ್ನು ಕಂಡಳು. ಅವಳ ಮುಖ ಒಂದು ಗಳಿಗೆ ಸಪ್ಪಗಾಯಿತು. ಒಳಗೆ ಬಾ, ಕಾಫಿ ಕುಡಿದು ಹೋಗು ಎಂದು ಕರೆದಳು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆಂದು ಹೇಳಿ ವಾಪಸ್ಸು ಬಂದೆ. ಅವಳು ಅದಕ್ಕೆ ರಾಜು ಎಂದು ಹೆಸರಿಟ್ಟಳಂತೆ. ರಾಜು. ಊರಿನ ಅರ್ಧ ಗಂಡಸರ ಹೆಸರು.

ಆಮೇಲೆ ಒಂದು ತಿಂಗಳು ನಾನು ಆ ಕಡೆ ಕಾಲಿಡಲಿಲ್ಲ. ಕುಮುದ ಮಾತ್ರ ಗೊಂಬೆಗೆ ಚಿಂದಿ ಆರಿಸಲು ದಿನಾ ಬಂದು, ಆರಿಸುತ್ತಾ ರಾಜುವಿನ ಕತೆ ಹೇಳುತ್ತಿದ್ದಳು. ರಾಜು ಅಮ್ಮನ ಹೊಟ್ಟೆಯ ಮೇಲೆ ಮಲಗುತ್ತದಂತೆ, ಅಮ್ಮ ಹಾಡಿದರೆ ಕಣ್ಣು ಮುಚ್ಚುತ್ತದಂತೆ. ನನ್ನ ಹತ್ತಿರ ಅದು ಹೊಟ್ಟೆಯ ಮೇಲೆ ಮಲಗಿದ್ದಿಲ್ಲ. ನನಗೆ ಹಾಡು ಬರುವುದಿಲ್ಲ. ರಾತ್ರಿ ಊಟಕ್ಕೆ ಕೂತರೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಒಂದು ಬುಧವಾರ, ನಳಿನಿ ಮಗಳನ್ನು ಶಾಲೆಯಿಂದ ಕರೆತರಲು ಹೋಗುವ ಹೊತ್ತನ್ನೇ ನೋಡಿಕೊಂಡು ಅವಳ ಮನೆಗೆ ಹೋದೆ. ಕೈಯಲ್ಲಿ ದೊಡ್ಡ ಬಟ್ಟೆ ಚೀಲವಿತ್ತು. ಯಾರಾದರೂ ಕೇಳಿದರೆ ಕುಮುದಳ ಲಂಗದ ಅಳತೆಗೆ ಬಂದೆ ಎಂದು ಹೇಳಲು ಬಾಯಿಯಲ್ಲೇ ಸಿದ್ಧ ಮಾಡಿಕೊಂಡಿದ್ದೆ. ಬೀಗದ ಕೈ ಕಿಟಕಿಯ ಅಂಚಿನಲ್ಲಿರುತ್ತದೆಂದು ನನಗೆ ಗೊತ್ತು. ಬೆಕ್ಕು ನಳಿನಿಯ ಹಾಸಿಗೆಯ ಮೇಲೆ ಮಲಗಿತ್ತು. ತಂಬಿಟ್ಟು ಎಂದು ಕರೆದೆ. ಒಂದು ಕಣ್ಣು ತೆರೆದು ಮತ್ತೆ ಮುಚ್ಚಿತು. ಇನ್ನೊಮ್ಮೆ ಕರೆದೆ, ಮೂರನೇ ಸಲವೂ ಕರೆದೆ. ಆಮೇಲೆ ಕತ್ತಿನ ಹಿಂಭಾಗಕ್ಕೆ ಕೈ ಹಾಕಿ ಎತ್ತಿ ಚೀಲಕ್ಕೆ ತುಂಬಹೋದೆ. ಆಗಲೇ ನನ್ನ ಬೆರಳಿಗೆ ಅದರ ಭುಜದ ಕೂದಲಡಿ ಒಂದು ಹಕ್ಕಳೆ ಸಿಕ್ಕಿತು. ಹಲ್ಲು ನೆಟ್ಟ ಹಾಗೆ ನಾಲ್ಕು ಗುಳಿ, ಅರ್ಧ ಮಾಗಿದ್ದು. ನನ್ನ ಮನೆಯಲ್ಲಿದ್ದಾಗ ಅದು ಇರಲಿಲ್ಲ. ಯಾವುದೋ ನಾಯಿಯೋ ಮುಂಗುಸಿಯೋ ಕಚ್ಚಿರಬೇಕು, ನೋಡು, ಇವಳಿಗೆ ಗೊತ್ತೇ ಆಗಿಲ್ಲ, ಮೈ ತಡವಿ ನೋಡುವಷ್ಟೂ ಕಾಳಜಿಯಿಲ್ಲ ಎಂದು ಅಂದುಕೊಂಡೆ. ಹಾಗೆ ಅಂದುಕೊಳ್ಳುವಾಗ ಒಳಗೆ ಹಿತವಾಯಿತು. ಅಷ್ಟರಲ್ಲಿ ಅದು ತಿರುಗಿ ನನ್ನ ಬಲಗೈ ಹೆಬ್ಬೆರಳಿನ ಬುಡಕ್ಕೆ ಬಾಯಿ ಹಾಕಿತು. ಮೂಳೆಗೆ ತಾಗಿತೆನ್ನಿಸಿತು. ಚೀಲ ಬಿದ್ದಿತು, ಬೆಕ್ಕು ಮಂಚದಡಿ ನುಗ್ಗಿತು. ನೆಲದ ಮೇಲಿನ ರಕ್ತದ ಹನಿಯನ್ನು ಸೆರಗಿನಿಂದ ಒರೆಸಿ, ಬೀಗ ಹಾಕಿ, ಕೈಯನ್ನು ಚೀಲದಲ್ಲಿ ಸುತ್ತಿಕೊಂಡು ಮನೆಗೆ ಬಂದೆ.

ನಲ್ಲಿಯಡಿ ಕೈ ಹಿಡಿದೆ. ಎರಡು ತೂತು, ಸೂಜಿಯಲ್ಲಿ ಚುಚ್ಚಿದ ಹಾಗೆ ಚಿಕ್ಕವಾದರೂ ಆಳವಾಗಿದ್ದವು. ಅರಿಸಿನ ಮೆತ್ತಿ ಬಟ್ಟೆ ಕಟ್ಟಿದೆ. ಹೂ ಮಾರುವ ಸಾಕವ್ವ ನೋಡಿ ಏನೆಂದು ಕೇಳಿದಳು. ಬೀದಿಯ ಬೆಕ್ಕು ಯಾವುದೋ ಪರಚಿತೆಂದು ಹೇಳಿದೆ. ಸುಣ್ಣ ಹಚ್ಚು, ನಮ್ಮ ಊರಿನ ಬೆಕ್ಕುಗಳು ಎಲ್ಲರ ಮನೆ ಅನ್ನ ಉಂಡವು, ಅವುಗಳ ಬಾಯಲ್ಲಿ ವಿಷ ಎಲ್ಲಿಂದ ಬರಬೇಕು ಎಂದಳು. ಪೈಜಾಮ ಹೊಲಿಯಲು ಕೊಟ್ಟಿದ್ದ ಮಲ್ಲೇಶಯ್ಯ ಮೇಷ್ಟರು, ಹತ್ತು ದಿನ ಬೆಕ್ಕಿನ ಮೇಲೆ ಕಣ್ಣಿಡು, ಅದು ಗಟ್ಟಿಮುಟ್ಟಾಗಿದ್ದರೆ ಚುಚ್ಚುಮದ್ದು ಬೇಕಾಗಿಲ್ಲ ಎಂದರು. ಇಬ್ಬರೂ ನನಗೆ ಬೇಕಾದದ್ದನ್ನೇ ಹೇಳಿದರು. ಆದರೂ ಮರುದಿನ ಕೈ ಊದಿ ಕತ್ತರಿ ಹಿಡಿಯಲಾಗದೆ ಆಸ್ಪತ್ರೆಗೆ ಹೋದೆ. ಬೆಂಚಿನ ಮೇಲೆ ಮಂಡಿ ನೋವಿಗೆಂದು ಬಂದಿದ್ದ ರೇವಣ್ಣನ ತಾಯಿ ಪುಟ್ಟತಾಯಮ್ಮ ಕೂತಿದ್ದರು. ಕಚ್ಚಿಸಿಕೊಂಡು ಬಂದವರನ್ನು ರೆಜಿನಾ ಸಿಸ್ಟರ್ ಯಾವ ಪ್ರಾಣಿ, ಯಾರ ಮನೆಯದು, ಎಲ್ಲಿ, ಹೇಗೆ ಎಂದೆಲ್ಲ ಕೇಳಿ ದೊಡ್ಡ ಪುಸ್ತಕದಲ್ಲಿ ಬರೆಯುತ್ತಾರೆ, ಅದೂ ಎಲ್ಲರಿಗೂ ಕೇಳುವ ಹಾಗೆ. ನಾನು ಕೈಯನ್ನು ಸೆರಗಿನಲ್ಲಿ ಮರೆಮಾಡಿ, ತಲೆನೋವಿನ ಮಾತ್ರೆ ಇಸಿದುಕೊಂಡು ಬಂದುಬಿಟ್ಟೆ.

ಭಾನುವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ನಳಿನಿಯೇ ಬಂದಳು. ನನ್ನ ಕೈ ನೋಡಿ ಗಾಬರಿಯಾದಳು. ಮೆಷಿನ್ ಸೂಜಿ ಹೊಕ್ಕಿತು ಎಂದೆ. ನಂಬಿದಳು. ಅವಳು ಯಾವಾಗಲೂ ನಾನು ಹೇಳಿದ್ದನ್ನು ನಂಬುತ್ತಾಳೆ. ಆಮೇಲೆ ಮಡಿಲಲ್ಲಿ ಕೈಯಿಟ್ಟುಕೊಂಡು ಹೇಳಿದಳು: ರಾಜು ಎರಡು ದಿನದಿಂದ ಸರಿಯಿಲ್ಲ, ಮಂಚದಡಿಯಿಂದ ಹೊರಗೆ ಬರುವುದಿಲ್ಲ, ಹಾಲು ಮುಟ್ಟುವುದಿಲ್ಲ, ಬಾಯಿಯಿಂದ ಜೊಲ್ಲು ಇಳಿಯುತ್ತಿದೆ. ನಿನ್ನೆ ಕುಮುದ ಅದನ್ನು ಎಳೆಯಲು ಹೋಗಿ ಮುಂಗೈಗೆ ಕಚ್ಚಿಸಿಕೊಂಡಿದ್ದಾಳೆ. ಸ್ವಲ್ಪ ರಕ್ತ ಬಂತು, ಕೊಬ್ಬರಿ ಎಣ್ಣೆ ಹಚ್ಚಿದ್ದಾಯಿತು. ಮನೆಯ ಬೆಕ್ಕು ತಾನೆ, ಮಗು ಹೆದರಿಕೊಳ್ಳುತ್ತದೆ, ಸುಮ್ಮನಿರು ಎಂದು ರೇವಣ್ಣ ಹೇಳುತ್ತಿದ್ದಾನೆ.

"ಇಂಜೆಕ್ಷನ್ ಹಾಕಿಸ್ಬೇಕಾ ಅಕ್ಕ?" ಎಂದು ಕೇಳಿದಳು. "ನೀನು ಹೆಂಗೆ ಹೇಳ್ತೀಯೋ ಹಂಗೆ ಮಾಡ್ತೀನಿ."

ನನ್ನ ಮನಸ್ಸಿನಲ್ಲಿ ಮೊದಲು ಬಂದದ್ದು ಏನೆಂದು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ. ನನಗೆ ಖುಷಿಯಾಯಿತು. ಬೆಕ್ಕು ಅವಳ ಮನೆಯಲ್ಲಿ ಸುಖವಾಗಿಲ್ಲ. ನಾನು ಹೋಗಿ ಕರೆದ ಮೇಲೆ ಅದಕ್ಕೆ ನನ್ನ ನೆನಪು ಬಂದಿದೆ, ಅದಕ್ಕೇ ಸೊರಗಿದೆ. ಹಾಲು ಕುಡಿಯದಿರಲಿ, ಮಂಚದಡಿಯೇ ಇರಲಿ, ಅವಳ ಹೊಟ್ಟೆಯ ಮೇಲೆ ಮಲಗದಿರಲಿ. ಅದರ ಹಿಂದೆಯೇ ಮತ್ತೊಂದು ಯೋಚನೆ ಬಂತು: ಇವರು ಆಸ್ಪತ್ರೆಗೆ ಹೋದರೆ ವಿಚಾರಣೆಯಾಗುತ್ತದೆ, ಬುಧವಾರದ ಮಾತು ಹೊರಗೆ ಬರುತ್ತದೆ.

"ಮನೆ ಬೆಕ್ಕು ಕಣೇ, ಏನಾಗಲ್ಲ" ಎಂದೆ.

ಅವಳ ಮುಖ ಹಗುರಾಯಿತು. ತಂದಿದ್ದ ಉಪ್ಪಿಟ್ಟಿನ ಡಬ್ಬಿ ಇಟ್ಟು ಹೋದಳು.

ಅವಳು ಹೋದ ಮೇಲೆ ಊದಿದ ಕೈಯಲ್ಲೇ ಒಂದು ಸೀರೆಯ ಅಂಚು ಮಡಿಚಲು ಕೂತೆ. ಬೆಕ್ಕು ನನಗಾಗಿ ಕೊರಗುತ್ತಿದೆ ಎಂಬುದನ್ನು ಒಂದು ಗಂಟೆ ನಂಬಿದೆ. ಬೇಕೆಂದೇ ನಂಬಿದೆ. ಆದರೆ ನಾಲ್ಕು ಬೆರಳುದ್ದ ಅಂಚು ಹೊಲಿಯುವಷ್ಟರಲ್ಲಿ ಬೆರಳ ತುದಿಗೆ ಆ ಹಕ್ಕಳೆ ಮತ್ತೆ ಸಿಕ್ಕಿದಂತಾಗುತ್ತಿತ್ತು. ಬೆಕ್ಕಿನ ಭುಜದ ಮೇಲೆ ಬೇರೆ ಪ್ರಾಣಿಯ ಹಲ್ಲಿನ ಗುರುತಿದೆ ಎಂಬುದು ನಳಿನಿಗೆ ಗೊತ್ತಿಲ್ಲ. ಬೆಕ್ಕು ಹಾಲು ಬಿಟ್ಟು ಜೊಲ್ಲು ಸುರಿಸುತ್ತಿದೆ ಎಂಬುದು ಸಾಕವ್ವನಿಗೂ ಮೇಷ್ಟರಿಗೂ ಗೊತ್ತಿಲ್ಲ. ಎರಡೂ ಗೊತ್ತಿದ್ದವಳು ಊರಿಗೆಲ್ಲ ನಾನೊಬ್ಬಳೇ. ಆ ಮಗುವಿನ ಮುಂಗೈ ಎಷ್ಟು ಸಣ್ಣದೆಂಬುದೂ ನನಗೆ ಗೊತ್ತು. ಅವಳ ತೋಳಿನ ಅಳತೆಯನ್ನು ಹುಟ್ಟಿದಾಗಿನಿಂದ ತೆಗೆದವಳು ನಾನು. ಗಡಿಯಾರ ನೋಡಿದೆ. ಒಂದು ಗಂಟೆಯಾಗಿತ್ತು. ಸೀರೆಯನ್ನು ಅಲ್ಲೇ ಬಿಟ್ಟು ಎದ್ದೆ.

ನಳಿನಿ ಮಗಳಿಗೆ ಅನ್ನ ಕಲಸಿ ಕೊಡುತ್ತಿದ್ದಳು. ನಾನು ಕೂರಲಿಲ್ಲ. ಕಟ್ಟಿದ್ದ ಬಟ್ಟೆ ಬಿಚ್ಚಿ ಕೈ ಮುಂದೆ ಚಾಚಿದೆ. ಬುಧವಾರ ಅವಳು ಇಲ್ಲದಾಗ ಬಂದದ್ದು, ಹಳೆಯ ಹೆಸರು ಹಿಡಿದು ಕರೆದದ್ದು, ಚೀಲ, ಕಚ್ಚಿದ್ದು, ಭುಜದ ಗಾಯ, ಎಲ್ಲವನ್ನೂ ಹೇಳಿದೆ. ನನ್ನ ದನಿ ನನಗೇ ಸಾಮಾನಿನ ಲೆಕ್ಕ ಒಪ್ಪಿಸುವ ಅಂಗಡಿಯವರ ದನಿಯಂತೆ ಕೇಳುತ್ತಿತ್ತು. ನಾನು ಮುಗಿಸಿದ ಮೇಲೆ ನಳಿನಿ ಎದ್ದು ಕೈ ತೊಳೆದು, ಬೆಕ್ಕಿದ್ದ ಕೋಣೆಯ ಬಾಗಿಲು ಎಳೆದು ಚಿಲಕ ಹಾಕಿದಳು.

"ಕುಮುದಾ, ಚಪ್ಪಲಿ ಹಾಕ್ಕೋ" ಎಂದಳು.

ದಾರಿಯುದ್ದಕ್ಕೂ ನನ್ನ ಕಡೆ ನೋಡಲಿಲ್ಲ. ಆಸ್ಪತ್ರೆಯಲ್ಲಿ ರೆಜಿನಾ ಸಿಸ್ಟರ್ ಇದ್ದರು. ಮೊದಲು ನನ್ನನ್ನೂ ಕುಮುದಳನ್ನೂ ನಲ್ಲಿಯ ಹತ್ತಿರ ಕರೆದೊಯ್ದು, ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಕಾಲು ಗಂಟೆ ಗಾಯ ತೊಳೆಸಿದರು. ಅರಿಸಿನ, ಎಣ್ಣೆಯ ವಿಷಯಕ್ಕೆ ಬೈದರು. ಚರ್ಮ ಒಡೆದು ರಕ್ತ ಬಂದ ಮೇಲೆ ಮನೆಯ ಬೆಕ್ಕೋ ಬೀದಿಯ ಬೆಕ್ಕೋ ಎಂದು ಲೆಕ್ಕ ಹಾಕುತ್ತಾ ಕೂರಬಾರದು, ಹತ್ತು ದಿನ ಕಾದು ನೋಡಿ ಆಮೇಲೆ ಬರುತ್ತೇನೆನ್ನಬಾರದು, ಅವತ್ತೇ ಶುರು ಮಾಡಬೇಕು ಎಂದರು. ಬೆಕ್ಕಿನ ಮೇಲೆ ಕಣ್ಣಿಡುವುದೂ ಬೇಕು. ಅದು ಹತ್ತು ದಿನ ಚೆನ್ನಾಗಿದ್ದರೆ ಉಳಿದ ಸೂಜಿ ಬೇಕೋ ಬೇಡವೋ ಡಾಕ್ಟರು ಹೇಳುತ್ತಾರೆ. ನಾಲ್ಕು ದಿನ ತಡವಾದರೂ ಬಂದದ್ದು ಒಳ್ಳೆಯದಾಯಿತು ಎಂದೂ ಹೇಳಿದರು. ಇವತ್ತು, ಮೂರನೇ ದಿನಕ್ಕೆ, ಏಳನೇ ದಿನಕ್ಕೆ, ಕೊನೆಗೆ ಇಪ್ಪತ್ತೆಂಟನೇ ದಿನಕ್ಕೆ ಬರಬೇಕು. ಗಾಯದ ಸುತ್ತ ಬೇರೊಂದು ಔಷಧಿ. ಅದು ಬಹಳ ನೋಯಿತು. ಆಮೇಲೆ ಪುಸ್ತಕ ತೆರೆದರು. ಬೆಕ್ಕು ತಾನಾಗಿ ಬಂದು ಕಚ್ಚಿತೋ, ನಾವು ಕೆಣಕಿದೆವೋ ಎಂದು ಕೇಳಿದರು. ಬೆಂಚಿನ ಮೇಲೆ ಆರೇಳು ಜನ ಇದ್ದರು.

"ಕದಿಯೋಕೆ ಹೋಗಿದ್ದೆ ಸಿಸ್ಟರ್" ಎಂದೆ. "ಚೀಲಕ್ಕೆ ತುಂಬ್ತಿದ್ದೆ."

ಅವರು ತಲೆ ಎತ್ತದೆ ಬರೆದುಕೊಂಡರು. ಕುಮುದಳಿಗೆ ಸೂಜಿ ಹಾಕುವಾಗ ಅವಳು ಅಮ್ಮನ ಸೊಂಟ ಬಿಟ್ಟು ನನ್ನ ಎಡಗೈ ಹಿಡಿದುಕೊಂಡಳು. ದೊಡ್ಡಮ್ಮನಿಗೂ ಅದೇ ಕಚ್ಚಿದೆಯಲ್ಲ, ದೊಡ್ಡಮ್ಮನಿಗೆ ಗೊತ್ತಾಗುತ್ತದೆ ಎಂಬುದು ಅವಳ ಲೆಕ್ಕ.

ಸಂಜೆಯೊಳಗೆ ಊರಿಗೆಲ್ಲ ತಿಳಿಯಿತು. ಹೋದ ಬೆಕ್ಕನ್ನು ಹಳೆಯ ಹೆಸರು ಹಿಡಿದು ಕರೆದವಳು ಎಂದು ನನ್ನತ್ತ ಬೆರಳು ತೋರಿಸುವವರಾದರು. ಇಬ್ಬರು ಬಂದು ಹೊಲಿಯದ ಬಟ್ಟೆ ವಾಪಸ್ಸು ತೆಗೆದುಕೊಂಡು ಹೋದರು. ಸಾಕವ್ವ ಒಂದು ವಾರ ನನ್ನ ಬಾಗಿಲ ಮುಂದೆ ಕೂಗಲಿಲ್ಲ. ಬುಧವಾರ ಬೆಳಗ್ಗೆ ಬೆಕ್ಕು ಸತ್ತಿತು. ಚಿಲಕ ಹಾಕಿದ್ದ ಕೋಣೆಯಲ್ಲಿ, ಮಂಚದಡಿಯೇ. ದನದ ಡಾಕ್ಟರು ಕೈಗವಸು ಹಾಕಿಕೊಂಡು ಬಂದು ಕೊಂಡೊಯ್ದು ಪರೀಕ್ಷೆಗೆ ಕಳಿಸಿದರು. ಹನ್ನೆರಡು ದಿನದ ಮೇಲೆ ಕಾಗದ ಬಂತು: ಹುಚ್ಚಿನ ರೋಗವೇ. ನಮ್ಮ ಊರಿನ ಬೆಕ್ಕಿಗೆ ಅದು ಬಂದದ್ದು ಯಾರಿಗೂ ನೆನಪಿರಲಿಲ್ಲ. ಮುಂದಿನ ಭಾನುವಾರವೇ ಡಾಕ್ಟರು ಪಂಚಾಯಿತಿ ಕಟ್ಟೆಯ ಮೇಲೆ ಕೂತು ಊರಿನ ಎಲ್ಲ ಬೆಕ್ಕುಗಳಿಗೂ ಸೂಜಿ ಹಾಕಿದರು. ಬುಟ್ಟಿ, ಚೀಲ, ತಲೆದಿಂಬಿನ ಕವರು, ಹೇಗೆ ಸಾಧ್ಯವೋ ಹಾಗೆ ಜನ ತಂದರು. ಯಾರ ಬೆಕ್ಕು ಎಂದು ಡಾಕ್ಟರು ಕೇಳಿದರೆ ಸದ್ಯಕ್ಕೆ ನಮ್ಮದು ಎನ್ನುತ್ತಿದ್ದರು. ನಾನು ದೂರದಿಂದ ನೋಡಿ ಬಂದೆ. ತಂಬಿಟ್ಟಿಗಾಗಿ ಅಳುವ ಹಕ್ಕು ನನಗಿರಲಿಲ್ಲ. ಬಾಗಿಲು ಹಾಕಿಕೊಂಡು ಅತ್ತೆ.

ಮೂರನೇ ದಿನ, ಏಳನೇ ದಿನ ನಾವು ಮೂವರೂ ಅದೇ ಬೆಂಚಿನ ಮೇಲೆ ಕೂತೆವು; ನನ್ನ, ಕುಮುದಳ ಸೂಜಿಯ ದಿನಗಳು ಒಂದೇ ಆಗಿದ್ದವು. ನಡುವೆ ಕುಮುದ. ನಳಿನಿ ಮಗಳೊಂದಿಗೆ ಮಾತಾಡುತ್ತಿದ್ದಳು, ಸಿಸ್ಟರೊಂದಿಗೆ ಮಾತಾಡುತ್ತಿದ್ದಳು, ನನ್ನೊಂದಿಗಿಲ್ಲ. ಕಾಗದ ಬಂದ ದಿನ ರೇವಣ್ಣ ನನ್ನ ಮನೆಗೆ ಬಂದು ಬಾಗಿಲಲ್ಲಿ ನಿಂತು, ಆಮೇಲೆ ಒಳಗೆ ಬಂದು ಮೆಷಿನ್ನಿನ ಚಕ್ರಕ್ಕೆ ಎಣ್ಣೆ ಬಿಟ್ಟು ಹೋದ.

ಇಪ್ಪತ್ತೆಂಟನೇ ದಿನ ನಾವು ಬೇಗ ಹೋಗಿದ್ದೆವು, ಸಿಸ್ಟರ್ ಇನ್ನೂ ಬಂದಿರಲಿಲ್ಲ. ಕುಮುದ ಗೋಡೆಯ ಮೇಲಿನ ಚಿತ್ರ ನೋಡುತ್ತಾ ಆಚೆ ಹೋದಳು. ನಳಿನಿ ಎದುರಿನ ಗೋಡೆ ನೋಡುತ್ತಲೇ ಮಾತಾಡಿದಳು.

"ಎರಡು ಗಂಟೆ ಅಕ್ಕ. ಏನಾಗಲ್ಲ ಅಂದ್ಬಿಟ್ಟು, ಎರಡು ಗಂಟೆ ಆದ್ಮೇಲೆ ಬಂದೆ. ಆ ಎರಡು ಗಂಟೆ ಏನ್ ಮಾಡ್ತಿದ್ದೆ?"

ಹೊಲಿಯುತ್ತಿದ್ದೆ ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

"ಅದು ನಿನ್ ಹತ್ರ ಚೆನ್ನಾಗಿಲ್ಲ ಅಂತ ಖುಷಿ ಪಡ್ತಿದ್ದೆ" ಎಂದೆ.

ಅವಳು ಬಳೆಯನ್ನು ಹಿಂದೆ ಮುಂದೆ ಸರಿಸತೊಡಗಿದಳು. ನಾನು ಅವಳ ಬೈಗುಳಕ್ಕೆ ಮೈಯೊಡ್ಡಿ ಕೂತಿದ್ದೆ, ಅದು ಬರಲಿಲ್ಲ. ಅಷ್ಟರಲ್ಲಿ ಸಿಸ್ಟರ್ ಬಂದು ಒಳಗಿನಿಂದ ಕುಮುದಳ ಹೆಸರು ಕೂಗಿದರು. ಕುಮುದ ಓಡಿಬಂದವಳು ನೇರವಾಗಿ ನನ್ನ ಕೈ ಹಿಡಿದು ಎಳೆದಳು, ಅಮ್ಮನ ಕಡೆ ನೋಡಲೇ ಇಲ್ಲ. ಎದ್ದು ನಿಲ್ಲುತ್ತಿದ್ದ ನಳಿನಿ ಅರ್ಧದಲ್ಲೇ ಮತ್ತೆ ಕೂತಳು.

"ನೀನೇ ಕರ್ಕೊಂಡು ಹೋಗು" ಎಂದಳು. "ಅವಳು ನಿನ್ ಕೈನೇ ಅಲ್ವಾ ಹಿಡ್ಕೊಳ್ಳೋದು."

ಆ ದನಿಯನ್ನು ನಾನು ಅವಳ ಬಾಯಲ್ಲಿ ಎಂದೂ ಕೇಳಿರಲಿಲ್ಲ, ಆದರೆ ಅದರ ಗುರುತು ನನಗಿದ್ದಷ್ಟು ಊರಿನಲ್ಲಿ ಯಾರಿಗೂ ಇರಲಾರದು. ಅವಳ ಬಳಿ ಇಲ್ಲದ್ದು ಏನೋ ಒಂದು ಮೊದಲ ಬಾರಿಗೆ ನನ್ನ ಬಳಿ ಇತ್ತು. ನಲವತ್ತು ವರ್ಷ ನಾನು ಕಾದದ್ದು ಇದಕ್ಕೇ ಇರಬೇಕು ಎನ್ನಿಸಿತು. ಆದರೆ ಅದು ಒಳಗೆ ಎಷ್ಟು ಉರಿಯುತ್ತದೆಂಬುದೂ, ತುತ್ತು ಎಲ್ಲಿ ಸಿಕ್ಕಿಕೊಳ್ಳುತ್ತದೆಂಬುದೂ ನನಗೆ ಗೊತ್ತಿತ್ತು. ಕುಮುದಳಿಗೆ ಇನ್ನೊಂದು ಕೈ ಅಮ್ಮನಿಗೆ ಕೊಡು ಎಂದೆ. ಅವಳು ಚಾಚಿದಳು. ನಳಿನಿ ಸ್ವಲ್ಪ ತಡೆದು, ನನ್ನ ಮುಖ ನೋಡದೆಯೇ, ಹಿಡಿದುಕೊಂಡಳು. ಸೂಜಿ ಕೋಣೆಯ ಬಾಗಿಲು ಕಿರಿದು. ಮೂವರೂ ಕೈ ಬಿಡದೆ, ಅಡ್ಡಡ್ಡ ತಿರುಗಿಕೊಂಡು, ಒಬ್ಬರ ಹಿಂದೆ ಒಬ್ಬರು ಒಳಗೆ ಹೋದೆವು.